ಗೋತ್ರ ಹೇಳು, ಆಮೇಲೆ ಓಟಿಪಿ

ಬ್ಯಾಂಕಿನವನಾದ ನನ್ನ ಮೊಬೈಲಿಗೇ ದಿನಕ್ಕೆ ನಾಲ್ಕು ಮೋಸದ ಮೆಸೇಜು ಬರುತ್ತವೆ ಎಂದ ಮೇಲೆ ಉಳಿದವರ ಪಾಡು ಕೇಳಬೇಕೇ? ಹಾಸನದಿಂದ ಕಾಶಿಗೆ ವರ್ಗವಾಗಿ ಬಂದ ಮೂರು ವರ್ಷದಲ್ಲಿ ನನಗೆ ಐದು ಲಾಟರಿ ಹೊಡೆದಿದೆ. ಟಿಕೆಟ್ಟು ಮಾತ್ರ ಒಂದನ್ನೂ ಕೊಂಡಿರಲಿಲ್ಲ.

ಕರೆಂಟು

'ಬಿಲ್ಲು ಬಾಕಿ. ಸಂಜೆ ಏಳಕ್ಕೆ ಕರೆಂಟು ಕಡಿತ. ಕೂಡಲೇ ಫೋನ್ ಮಾಡಿ' ಎಂದು ನನ್ನ ಹೆಂಡತಿಗೊಂದು ಮೆಸೇಜು ಬಂತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಾತಾಡಿಯೇ ಮುಗಿಸಿದ್ದಳು.

"ಏನಂದೆ?"

"ಥ್ಯಾಂಕ್ಸ್ ಅಂದೆ. ದಿನಾ ತೆಗೆಯೋರು ಒಂದು ದಿನವಾದ್ರೂ ಹೇಳಿ ತೆಗೆದಿದಾರಾ? ಅಷ್ಟರೊಳಗೆ ದೋಸೆಹಿಟ್ಟು ರುಬ್ಕೋತೀನಿ."

ಏಳಾಯಿತು, ಎಂಟಾಯಿತು, ಕರೆಂಟು ಹೋಗಲಿಲ್ಲ. "ಇವನೂ ಮಾತಿಗೆ ತಪ್ಪಿದ ನೋಡಿ" ಎಂದು ಬೈದುಕೊಂಡಳು.

ದೂರು

ಗೋದೌಲಿಯಾದ ಸೀರೆ ವ್ಯಾಪಾರಿಯೊಬ್ಬರಿಗೆ, ಕಾಗದಪತ್ರ ತಂದುಕೊಡಿ ಎಂದು ಬ್ಯಾಂಕಿನಿಂದ ನಾನೇ ಫೋನ್ ಮಾಡಿದೆ. ನನ್ನ ಏಳೇಳು ಜನ್ಮಕ್ಕೂ ಸಾಲುವಷ್ಟು ಬೈದು ಫೋನಿಟ್ಟರು.

ಮರುದಿನ ನನ್ನೆದುರೇ ಬಂದು ಕೂತರು. "ಸಾಹೇಬ್, ನಿಮ್ಮ ಬ್ಯಾಂಕಿನ ಹೆಸರು ಹೇಳಿ ಒಬ್ಬ ಠಗ್ ಫೋನ್ ಮಾಡಿದ್ದ. ಅವನ ಹಿಂದಿ ಕೇಳಿದ ಕೂಡಲೇ ಗೊತ್ತಾಯ್ತು ನನಗೆ, ಕಳ್ಳನೇ ಅಂತ!"

ಆವತ್ತು ನಾನು ತಲೆಯಾಡಿಸಿದ್ದು ಬಿಟ್ಟರೆ ಬಾಯಿ ತೆರೆಯಲಿಲ್ಲ.

ಭಟ್ಟರು

ಭೇಲೂಪುರದಲ್ಲಿ ನಮ್ಮ ಕೆಳಗಿನ ಮನೆ ಭಟ್ಟರದು. ನಮ್ಮ ಕಡೆಯ ಯಾತ್ರಿಕರಿಗೆ ಗಂಗೆಯ ಘಾಟಿನಲ್ಲಿ ಶ್ರಾದ್ಧ, ಪಿಂಡ ಮಾಡಿಸುತ್ತಾರೆ. ಮಗಳ ಮದುವೆಗೆಂದು ಕೂಡಿಟ್ಟದ್ದೆಲ್ಲ ಅವರ ಖಾತೆಯಲ್ಲಿದೆ. ಆ ಖಾತೆಯನ್ನು ಮೊಬೈಲಿಗೆ ಜೋಡಿಸಿಕೊಟ್ಟ ಮಹಾನುಭಾವ ನಾನೇ.

ಮೊನ್ನೆ ಬೆಳಿಗ್ಗೆ ಕೆಳಗಿಳಿದರೆ ಭಟ್ಟರು ಫೋನು ಹಿಡಿದು ಕೂತಿದ್ದಾರೆ. ಖಾತೆ ಇವತ್ತೇ ಬಂದ್ ಎಂಬ ಮೆಸೇಜು ನೋಡಿ ಅದರಲ್ಲಿದ್ದ ನಂಬರಿಗೆ ತಾವೇ ಕರೆ ಮಾಡಿದ್ದರು. ಸ್ಪೀಕರಿನಲ್ಲಿ ಹುಡುಗನೊಬ್ಬನ ದನಿ: "ಬಾಬೂಜಿ, ಈಗ ಬಂದಿರೋ ಆರಂಕಿ ನಂಬರ್ ಕೊಡಿ, ಜಲ್ದಿ!"

ನಾನು ಬೇಡವೆಂದು ಎರಡೂ ಕೈ ಆಡಿಸಿದೆ. ಮಂತ್ರದ ಮಧ್ಯೆ ಮಾತಾಡಿದವರನ್ನು ತಡೆಯುವಂತೆ ಭಟ್ಟರು ಅಂಗೈ ಎತ್ತಿದರು.

"ಕೊಡೋಣಪ್ಪ. ಯಾರಿಗೆ ಕೊಡ್ತಿದೀನಿ ಅಂತ ತಿಳೀದೆ ನಾನು ಏನನ್ನೂ ಕೊಡೋನಲ್ಲ. ಗೋತ್ರ ಹೇಳು."

"ಗೋತ್ರನಾ? ಕಾಶ್ಯಪ. ನಂಬರ್ ಹೇಳಿ ಬಾಬೂಜಿ!"

"ತಂದೆ ಹೆಸರು?"

"ಅವರಿಲ್ಲ. ಹೋದ ವರ್ಷ ತೀರಿಕೊಂಡರು."

"ಪಿಂಡ ಇಟ್ಟೆಯಾ?"

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಇಲ್ಲ, ಮಹಾರಾಜ್." ಬಾಬೂಜಿ ಹೋಗಿ ಮಹಾರಾಜ್ ಆಗಿತ್ತು!

ಮುಂದಿನ ಹತ್ತು ನಿಮಿಷ ತಿಥಿ, ಎಳ್ಳು, ದರ್ಭೆ, ತಾಯಿಯ ಆರೋಗ್ಯ. ಓಟಿಪಿಯ ಅವಧಿ ಯಾವಾಗಲೋ ಮುಗಿದಿತ್ತು. ಹುಡುಗ ಪಿಂಡ ಇಡಲು ಅಮಾವಾಸ್ಯೆಗೆ ಖಂಡಿತ ಬರುತ್ತೇನೆಂದ.

"ಸಾಮಾನು ತರಿಸಿಡ್ತೀನಿ. ಸ್ವಲ್ಪ ಮುಂಗಡ ಮೊಬೈಲಲ್ಲೇ ಹಾಕಿಬಿಡು" ಎಂದರು ಭಟ್ಟರು.

"ಬೇಡ ಮಹಾರಾಜ್, ಬಂದಾಗ ಕೈಗೇ ಕೊಡ್ತೀನಿ" ಎಂದ ಹುಡುಗ. "ಮೊಬೈಲಲ್ಲಿ ದುಡ್ಡು ಹಾಕೋಕೆ ನನಗೆ ಭಯ. ಈಗ ಎಲ್ಲಿ ನೋಡಿದ್ರೂ ಮೋಸ!"