ಬರಬೇಕಾದ ಬಣ್ಣ

ಬೆಳಿಗ್ಗೆ ಆರೂವರೆಗೆ ಪದ್ಮಜಾ ಡೈರಿಯಲ್ಲಿ ಬರೆದಳು: 'ನಾನು ಬಿ.ಎಸ್ಸಿ. ಪಾಸಾಗಿದ್ದೇನೆ. ಆದರೆ ಆ ಗುಲಾಬಿ ಬಣ್ಣವನ್ನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ.'

ಬರೆದವಳೇ ಸಾಲನ್ನು ಅಂಗೈಯಿಂದ ಮುಚ್ಚಿದಳು. ಬಾಡಿಗೆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂದು ಹಲ್ಲಿ. ಅದಕ್ಕೂ ತಿಳಿಯುವುದು ಬೇಡ ಅನ್ನಿಸಿತು.

ಕಾಲೇಜಿನಲ್ಲಿ ನಾಲ್ವರು ಹುಡುಗಿಯರಿಗೆ ಒಂದು ಪ್ರಯೋಗದ ಟೇಬಲ್ಲು. ಮೂವರು ಮುಂದೆ ನಿಂತು ಸುರಿಯುತ್ತಿದ್ದರು, ಕುಲುಕುತ್ತಿದ್ದರು, ಕೂಗುತ್ತಿದ್ದರು. ಪದ್ಮಜಾ ಅವರ ಬೆನ್ನ ಹಿಂದೆ ನಿಂತು ಅವರು ಕೂಗಿದ್ದನ್ನು ಚೆಂದಗೆ ಬರೆಯುತ್ತಿದ್ದಳು. ಕೊನೆಯ ಪರೀಕ್ಷೆಯ ದಿನ ಮಾತ್ರ ಟೇಬಲ್ಲಿಗೆ ಒಬ್ಬಳೇ. ಅರ್ಧ ತಾಸು ಹನಿ ಹನಿಯಾಗಿ ಬಿಟ್ಟಳು; ಬಣ್ಣ ಬರಲಿಲ್ಲ. ಕಡೆಗೆ ಪಕ್ಕದವಳ ಹಾಳೆಯ ಅಂಕಿ ನೋಡಿ, 'ತಿಳಿ ಗುಲಾಬಿ ಬಣ್ಣ ಕಾಣಿಸಿಕೊಂಡಿತು' ಎಂದು ಬರೆದು ಕೊಟ್ಟಳು. ಐವತ್ತಕ್ಕೆ ನಲವತ್ತೇಳು ಬಂತು. ಆ ನಲವತ್ತೇಳು ಅಂದಿನಿಂದ ನುಂಗಿದ ಹುಣಸೆಬೀಜದ ಹಾಗೆ ಅವಳ ಹೊಟ್ಟೆಯಲ್ಲಿ ಕೂತಿತ್ತು.

ಇವತ್ತು ಅದು ಅಲುಗಾಡುತ್ತಿತ್ತು. ಸವದತ್ತಿಯ ಒಂದು ಖಾಸಗಿ ಹೈಸ್ಕೂಲಿಗೆ ಅವಳು ಜೂನ್ ತಿಂಗಳಿಂದ ತಾತ್ಕಾಲಿಕ ವಿಜ್ಞಾನ ಶಿಕ್ಷಕಿ. ಇವತ್ತು ಮಧ್ಯಾಹ್ನ ಮೂರಕ್ಕೆ ವಿಜ್ಞಾನದ ಇನ್‌ಸ್ಪೆಕ್ಟರು ಬೀರಪ್ಪ ಸಾಹೇಬರು ಬರುವವರಿದ್ದರು.

"ಮೇಡಮ್, ಸಾಹೇಬ್ರ ಮುಂದ ಒಂದ್ ಪ್ರಯೋಗ ಮಾಡಿ ತೋರಸ್ರಿ," ಎಂದು ಹೆಡ್‌ಮಾಸ್ತರ ನಿಜಗುಣಪ್ಪ ಬಾಗಿಲಲ್ಲೇ ತಡೆದರು. "ದೊಡ್ಡದೇನ್ ಬ್ಯಾಡ. ಬಣ್ಣದ್ದು ಮಾಡ್ರಿ. ಬಣ್ಣ ಬಂದ್ರ ಹಿಂದಿನ ಬೆಂಚಿನವ್ರಿಗೂ ಕಾಣತೈತಿ."

"ಸರ್, ಅದು... ನಾನು..."

"ಹೆದರಬ್ಯಾಡ್ರಿ. ನಿಮ್ಮ ಮುಂದಿನ ವರ್ಷದ ಆರ್ಡರು ಸಾಹೇಬ್ರ ರಿಪೋರ್ಟಿನ ಮ್ಯಾಲ ನಿಂತೈತಿ, ಅಷ್ಟ. ಆಮ್ಯಾಲ ಹೇಳಿಲ್ಲ ಅನಬ್ಯಾಡ್ರಿ."

"ಹೂಂ ಸರ್," ಎಂದಳು ಪದ್ಮಜಾ. ಹುಟ್ಟಿದಾಗಿನಿಂದ ಅವಳು ಅತಿ ಹೆಚ್ಚು ಬಾರಿ ಆಡಿದ ಮಾತು ಅದು.

ನಿಜಗುಣಪ್ಪನವರು ಉಡದಾರಕ್ಕೆ ಕಟ್ಟಿಕೊಂಡಿದ್ದ ಕೀಲಿ ಬಿಚ್ಚಿ ಕೊಟ್ಟರು. ಪ್ರಯೋಗದ ಕಪಾಟಿನ ಕೀಲಿ ಅದು. ಸಾಮಾನು ಒಡೆದರೆ ಯಾರು ಉತ್ತರ ಕೊಡಬೇಕು ಎಂಬ ಭಯಕ್ಕೆ ನಿನ್ನೆಯವರೆಗೆ ಎರಡು ವರ್ಷ ಅದನ್ನು ತೆಗೆದೇ ಇರಲಿಲ್ಲ. ಹಾಗೆಂದು ಮಕ್ಕಳ ಓದು ನಿಂತಿರಲಿಲ್ಲ. ಆ ಶಾಲೆಯ ಪದ್ಧತಿಯೇ ಹಾಗೆ: ವರ್ಷವಿಡೀ ಮಾಡಬೇಕಾದ ಪ್ರಯೋಗಗಳನ್ನೆಲ್ಲ ಜೂನ್ ತಿಂಗಳಲ್ಲೇ ಫಲಿತಾಂಶ ಸಮೇತ ಜರ್ನಲ್ಲಿಗೆ ಇಳಿಸಿ, ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಎಳೆದು, ಬೈಂಡು ಹಾಕಿಸಿಬಿಡುತ್ತಿದ್ದರು.

ಪ್ರಯೋಗದ ಕೋಣೆಗೆ ಹೋದರೆ ಕಪಾಟು ಆಗಲೇ ತೆರೆದಿತ್ತು. ಹಿಂದಿನ ದಿನವೇ ಕೀಲಿ ಇಸಿದುಕೊಂಡು ಒಪ್ಪ ಮಾಡಿ, ಕಪಾಟು ಮುಚ್ಚದೇ ಕೀಲಿ ಮರಳಿಸಿದ್ದ ಶಾಲೆಯ ಸಿಪಾಯಿ ಉಳವಪ್ಪ, ಮದುಮಗನ ತಂದೆಯ ಠೀವಿಯಲ್ಲಿ ನಿಂತಿದ್ದ. ಹಣೆಯ ಮೇಲೆ ಯಲ್ಲಮ್ಮನ ಭಂಡಾರ ಅರಿಶಿನದ ಗದ್ದೆಯಂತೆ ಹರಡಿತ್ತು.

"ನೋಡ್ರಿ ಅಕ್ಕಾರ, ಹೆಂಗ ಲಕಲಕ ಅನ್ನಾಕತ್ತಾವ! ಎಲ್ಲಾ ಬಾಟ್ಲಿ ಹುಣಸಿಹಣ್ಣು ಹಚ್ಚಿ ತಿಕ್ಕೇನಿ."

ನಿಜ. ಐದು ಬಾಟಲಿಗಳು ಮದುವೆಮನೆಯ ಲೋಟಗಳಂತೆ ಹೊಳೆಯುತ್ತಿದ್ದವು. ಐದರಲ್ಲೂ ನೀರಿನಂಥ ದ್ರಾವಣ. ಒಂದರ ಮೇಲೂ ಹೆಸರಿಲ್ಲ.

"ಉಳವಪ್ಪಾ, ಇದರ ಮ್ಯಾಲಿನ ಚೀಟಿ?"

"ಅವಾ? ಬಾಳ ಹೊಲಸಾಗಿದ್ವರಿ. ನೆನಸಿ, ಕಿತ್ತಿ, ಒಗದ ಬಿಟ್ಟೆ."

ಪದ್ಮಜಾ ಸ್ಟೂಲಿನ ಮೇಲೆ ಕುಳಿತಳು. ಬಣ್ಣ ತೋರಿಸುವ ಫಿನಾಫ್ತಲೀನಿನ ಚಿಕ್ಕ ಸೀಸೆ ಡಬ್ಬಿಯೊಳಗಿದ್ದದ್ದರಿಂದ ಉಳವಪ್ಪನ ಕೈಯಿಂದ ಪಾರಾಗಿತ್ತು. ಆದರೆ ಅದಕ್ಕೆ ಗುಲಾಬಿಯಾಗಲು ಕಾಸ್ಟಿಕ್ ಸೋಡಾ ಬೇಕು. ಈ ಐದರಲ್ಲಿ ಕಾಸ್ಟಿಕ್ ಸೋಡಾ ಯಾವುದು, ಆಮ್ಲ ಯಾವುದು, ಭಟ್ಟಿ ಇಳಿಸಿದ ಬರೇ ನೀರು ಯಾವುದು? ಸೀಸೆಯಲ್ಲಿದ್ದದ್ದು ಹತ್ತೇ ಹನಿ. ಹುಡುಕಾಟಕ್ಕೆ ಖರ್ಚು ಮಾಡುವಂತಿರಲಿಲ್ಲ.

"ಒಂದೊಂದ ಹನಿ ನೆಕ್ಕಿ ನೋಡ್ಲೇನ್ರಿ?" ಎಂದ ಉಳವಪ್ಪ, ಉಪಕಾರಬುದ್ಧಿಯಿಂದ.

"ಬ್ಯಾಡಾ!" ಜೂನ್‌ನಿಂದ ಆ ಕಟ್ಟಡದಲ್ಲಿ ಅವಳಾಡಿದ ಅತಿ ಗಟ್ಟಿ ಮಾತು ಅದು. ಇಬ್ಬರೂ ಬೆಚ್ಚಿದರು.

ಹಾಗೆ ಬೆಚ್ಚಿ ನೋಡಿದಾಗಲೇ ಅವಳ ಕಣ್ಣು ಅವನ ಹಣೆಗೆ ಬಿತ್ತು. ರಾಮದುರ್ಗದ ಮನೆಯಲ್ಲಿ ಅಮ್ಮ ಆರತಿಗೆ ಅರಿಶಿನದ ನೀರು ಕಲೆಸಿ, ಚಿಟಿಕೆ ಸುಣ್ಣ ಹಾಕಿದೊಡನೆ ತಟ್ಟೆಯೆಲ್ಲ ಕೆಂಪಾಗುತ್ತಿದ್ದದ್ದು ನೆನಪಾಯಿತು. ಸುಣ್ಣವೂ ಕ್ಷಾರ, ಕಾಸ್ಟಿಕ್ ಸೋಡಾವೂ ಕ್ಷಾರ.

"ಉಳವಪ್ಪಾ, ಕಿಸೆದಾಗ ಭಂಡಾರ ಅದನ?"

"ಗುಡ್ಡದ್ದ ಐತ್ರಿ. ಹಚ್ಗೋತೀರೇನು? ಹಚ್ಗೋರಿ, ಚೊಲೋ ಆಗತೈತಿ."

ಐದು ಕಾಗದದ ಚೂರುಗಳಿಗೆ ಭಂಡಾರ ಬಳಿದಳು. ಒಂದನೆಯ ಬಾಟಲಿಯ ಹನಿ: ಹಳದಿ ಹಳದಿಯೇ. ಎರಡು, ಮೂರು, ಅದೇ ಹಳದಿ. ನಾಲ್ಕನೆಯ ಹನಿ ಬಿದ್ದ ಕಡೆ ಕುಂಕುಮದ ಬೊಟ್ಟಿಟ್ಟ ಹಾಗೆ ಕೆಂಪು ಹರಡಿತು. ಐದು ಮತ್ತೆ ಹಳದಿ.

ಪದ್ಮಜಾ ಆ ಚೂರನ್ನು ಬೆಳಕಿಗೆ ಹಿಡಿದಳು. ಮೊದಲು ಬರೆದು ಆಮೇಲೆ ನಂಬಿದ್ದಲ್ಲ ಇದು, ಕಣ್ಣೆದುರಿಗೇ ಆದದ್ದು. ನಾಲ್ಕನೆಯ ಬಾಟಲಿಯ ಮೇಲೆ ಬೋರ್ಡಿಗೆ ಬರೆಯುವ ಖಡುವಿನಿಂದ ದೊಡ್ಡ ಗುಣಾಕಾರದ ಗುರುತು ಹಾಕಿ, ಬಾಟಲಿಗಳನ್ನು ಮೇಜಿನ ಮೇಲೆ ಬಿಟ್ಟು, ಎಂಟನೆಯ ಈಯತ್ತೆಗೆ ಪಾಠ ಮಾಡಲು ಓಡಿದಳು. ಆ ತಾಸಿನಲ್ಲಿ ಅವಳು ಎರಡು ಸಲ ನಕ್ಕದ್ದನ್ನು ಕಂಡು ಮಕ್ಕಳು ಗಾಬರಿಯಾದರು.

ಒಂದು ಗಂಟೆಗೆ ತಿರುಗಿ ಬಂದಾಗ ಕನ್ನಡದ ಕೃಷ್ಣಾಜಿ ಮಾಸ್ತರು ಕೈಯಲ್ಲಿ ಅಂಟಿನ ಬಟ್ಟಲು ಹಿಡಿದು ಹೊರಬರುತ್ತಿದ್ದರು. ಅವರ ಅಕ್ಷರ ಇಡೀ ತಾಲೂಕಿನಲ್ಲಿ ಹೆಸರುವಾಸಿ. ಸವದತ್ತಿಯ ಅರ್ಧ ಲಗ್ನಪತ್ರಿಕೆಗಳ ಲಕೋಟೆಗಳು ಅವರ ಕೈಯಿಂದಲೇ ಹೊರಡುತ್ತಿದ್ದವು.

"ಪದ್ಮಜಾಬಾಯಿ, ಬಾಟ್ಲಿ ಹೆಸರಿಲ್ಲದ ನಿಂತಿದ್ವು. ಸಾಹೇಬ್ರು ಏನಂದಾರು? ಚೆಂದಾಗಿ ಬರದು ಹಚ್ಚೇನಿ."

"ಯಾವುದು ಏನು ಅಂತ... ನಿಮಗ ಹ್ಯಾಂಗ ಗೊತ್ತಾತು ಸರ್?"

"ಸ್ಟಾಕ್ ರಜಿಸ್ಟರ್‌ದಾಗ ಒಂದರಿಂದ ಐದರ ತನಕಾ ಹೆಸರು ಅವ. ಬಾಟ್ಲಿನೂ ಐದು. ಸಾಲಾಗಿ ಹಚ್ಚಿಬಿಟ್ಟೆ. ಇದಕ್ಕೇನ್ ಬಿ.ಎಸ್ಸಿ. ಬೇಕೇನು?"

ಅವಳು ಒಳಗೆ ಹಣಕಿದಳು. ಖಡುವಿನ ಗುರುತು ಮಾಯ.

"ಯಾವ್ದೋ ಹುಡುಗೂರು ಗೀಚಿದ್ರು ಅಕ್ಕಾರ," ಎಂದ ಉಳವಪ್ಪ. "ಎಲ್ಲಾ ಇನ್ನೊಮ್ಮೆ ಒರಸಿ, ಎತ್ತರದ್ದು ಹಿಂದ, ಗಿಡ್ಡದ್ದು ಮುಂದ ಇಟ್ಟೇನಿ."

ಮತ್ತೆ ಭಂಡಾರ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಜೀಪು ಕೆಮ್ಮಿತು. ಮೂರಕ್ಕೆ ಬರಬೇಕಾದ ಸಾಹೇಬರು ಒಂದೂ ಕಾಲಿಗೇ ಬಂದಿದ್ದರು.

ಹತ್ತನೆಯ ಈಯತ್ತೆಯ ಮಕ್ಕಳು ಜರ್ನಲ್ಲು ಹಿಡಿದು ಗೋಡೆಗುಂಟ ನಿಂತರು. ಬೀರಪ್ಪ ಸಾಹೇಬರು ಕುರ್ಚಿಯಲ್ಲಿ ಕುಳಿತು ಹೊಸ ಚಷ್ಮಾ ಏರಿಸಿಕೊಂಡರು. ಪದ್ಮಜಾ ಬಾಟಲಿಗಳತ್ತ ನೋಡಿದಳು. 'ಕಾಸ್ಟಿಕ್ ಸೋಡಾ' ಎಂಬ ಚೀಟಿ ಲಗ್ನಪತ್ರಿಕೆಯಂತೆ ಕಂಗೊಳಿಸುತ್ತಿತ್ತು. ಅಷ್ಟು ದುಂಡಗಿನ ಅಕ್ಷರ ಸುಳ್ಳು ಹೇಳೀತೇ? ಹೇಳೀತು ಎಂದು ಮನಸ್ಸು ಅಂದಿತು. ಕೈ ಮಾತ್ರ ಮೂರು ವರ್ಷದ ರೂಢಿಯಂತೆ ಬರಹವನ್ನೇ ನಂಬಿತು.

ಬೀಕರಿಗೆ ಸುರಿದಳು. ಫಿನಾಫ್ತಲೀನಿನ ಹನಿ ಬಿಟ್ಟಳು. ಎರಡು. ನಾಲ್ಕು. ಹತ್ತೂ ಮುಗಿದವು.

ಏನೂ ಆಗಲಿಲ್ಲ.

"ಬಂತು!" ಎಂದು ನಿಜಗುಣಪ್ಪನವರು ಚಪ್ಪಾಳೆ ತಟ್ಟಿದರು. "ಏನ್ ಬಂತ್ರಲೇ?"

ಮಕ್ಕಳು ಬೀಕರಿನತ್ತ ನೋಡಲಿಲ್ಲ. ಜರ್ನಲ್ಲಿನ ಏಳನೆಯ ಪುಟ ತೆಗೆದು ಒಂದೇ ಕೊರಳಲ್ಲಿ ಓದಿದರು: "ದ್ರಾವಣವು ಗುಲಾಬಿ ಬಣ್ಣಕ್ಕೆ ತಿರುಗಿತು ಸಾರ್!"

ಸಾಹೇಬರು ಚಷ್ಮಾ ತೆಗೆದರು, ಒರೆಸಿದರು, ಹಾಕಿದರು. "ನನಗ್ಯಾಕೋ..."

"ತಿಳಿ ಗುಲಾಬಿ ಸರ್," ಎಂದರು ಕೃಷ್ಣಾಜಿ. "ಬಾಳ ತಿಳಿ. ಕಣ್ಣು ಚುರುಕಿದ್ದವ್ರಿಗೆ ಲಗೂನ ಕಾಣತದ."

ಸಾಹೇಬರ ಮುಖ ಇಳಿಯಿತು. ಹೋದ ತಿಂಗಳಷ್ಟೇ ಕಣ್ಣಿನ ಡಾಕ್ಟರು ಅವರ ಚಷ್ಮಾದ ನಂಬರು ಏರಿಸಿದ್ದರು. ಇಷ್ಟು ಜನರಿಗೆ ಕಂಡದ್ದು ತಮಗೊಬ್ಬರಿಗೇ ಕಾಣುತ್ತಿಲ್ಲ! "ಹೌದ್ಹೌದು, ಕಂಡಿತು, ಚೊಲೋ ಕಂಡಿತು," ಎಂದು ಗಡಬಡಿಸಿ ಬರೆಯತೊಡಗಿದರು. ಬರೆಯುತ್ತಲೇ ತಲೆ ಎತ್ತಿದರು. "ಸೋಮವಾರ ಬೈಲಹೊಂಗಲದಾಗ ತರಬೇತಿ ಇಟ್ಟೀವಿ. ನಲವತ್ತು ಮಂದಿ ಮಾಸ್ತರ್ರು ಬರ್ತಾರ. ಇದ ಪ್ರಯೋಗ ಅಲ್ಲಿ ಈ ಮೇಡಮ್ಮೋರ ಮಾಡಿ ತೋರಸ್ಲಿ."

"ಮಾಡ್ತಾರ ಮಾಡ್ತಾರ," ಎಂದರು ನಿಜಗುಣಪ್ಪ.

ಪದ್ಮಜಾಳ ಬಾಯಿ 'ಹೂಂ'ಗೆ ತಯಾರಾಯಿತು. ಹುಣಸೆಬೀಜ ಗಂಟಲಿಗೆ ಬಂದು ಅಡ್ಡ ನಿಂತಿತು. ಐವತ್ತಕ್ಕೆ ನಲವತ್ತೇಳು ಒಮ್ಮೆ ನುಂಗಿದ್ದಾಗಿದೆ. ಈಗ ನಲವತ್ತು ಮಾಸ್ತರರು, ಅವರ ನಲವತ್ತು ಶಾಲೆಗಳು, ಎಲ್ಲ ಕಡೆ ಏಳನೆಯ ಪುಟ.

ಅಷ್ಟರಲ್ಲಿ ಚಹಾ ಬಂತು. ಮೇಜು ತೆರವು ಮಾಡಬೇಕೆಂದು ಉಳವಪ್ಪ ಬಾಗಿಲಿನಿಂದ ಧಾವಿಸಿದ. ಅದುವರೆಗೆ ಆತ ಅಲ್ಲಿ ನಿಂತು ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುತ್ತಿದ್ದ. ಚಹಾದ ಲೋಟಗಳನ್ನು ಎತ್ತುವ ತನ್ನ ಎಂದಿನ ರೀತಿಯಲ್ಲಿ, ಎರಡು ಬೆರಳು ಒಳಗದ್ದಿ ಬೀಕರನ್ನು ಎತ್ತಿದ.

ಅವನ ಬೆರಳಿನ ಸುತ್ತ ಮೊದಲು ಒಂದು ಎಳೆ, ಆಮೇಲೆ ಒಂದು ಸುರುಳಿ, ನೋಡನೋಡುತ್ತಲೇ ಬೀಕರಿನ ತುಂಬ ಹೊಸ ಕುಪ್ಪಸದಂಥ ಗುಲಾಬಿ.

"ಅಯ್ಯಯ್ಯೋ! ಬಣ್ಣಾ ಬಂತು!" ಎಂದು ಹೆಡ್‌ಮಾಸ್ತರರೇ ಕಿರುಚಿದರು. ಆಮೇಲೆ ಎಚ್ಚರಾಗಿ, "ಅಂದ್ರ... ಇನ್ನಷ್ಟು ಬಂತು," ಎಂದು ತಿದ್ದಿಕೊಂಡರು. ಮಕ್ಕಳು ಮೊದಲ ಬಾರಿಗೆ ಜರ್ನಲ್ಲು ಮುಚ್ಚಿ ಬೀಕರು ನೋಡಿದರು.

ಎಲ್ಲರಿಗಿಂತ ಖುಷಿಯಾದವರು ಸಾಹೇಬರು. "ಕಾಣಾಕತ್ತಿತು! ನನಗ ಖರೇನ ಕಾಣಾಕತ್ತಿತು! ಅಂದ್ರ ನನ್ನ ಕಣ್ಣು ನೆಟ್ಟಗ ಅದಾವು!" ಪೆನ್ನು ಎತ್ತಿ ಪದ್ಮಜಾಳ ಕಡೆ ತಿರುಗಿದರು. "ಮೇಡಮ್, ಯಾವ ದ್ರಾವಣರಿ ಇದು? ಬಣ್ಣ ಇಷ್ಟ ತಡಾ ಯಾಕ ಬಂತು? ರಿಪೋರ್ಟಿನ್ಯಾಗ ಬರೀತೇನಿ, ಹೇಳ್ರಿ."

ಇದಕ್ಕೆ ಉತ್ತರ ಯಾವ ಜರ್ನಲ್ಲಿನಲ್ಲೂ ಇರಲಿಲ್ಲ. ಸಾಹೇಬರ ಬೆನ್ನ ಹಿಂದೆ ನಿಜಗುಣಪ್ಪನವರು ಚೀಟಿಯತ್ತ ಬೆರಳು ಮಾಡಿ, 'ಕಾಸ್ಟಿಕ್, ಕಾಸ್ಟಿಕ್' ಎಂದು ತುಟಿ ಅಲ್ಲಾಡಿಸಿದರು. ಅಷ್ಟೇ ಸಾಕಿತ್ತು. ಒಂದು ಶಬ್ದ ಅಂದರೆ ಮುಂದಿನ ವರ್ಷದ ಆರ್ಡರು ಕೈಗೆ ಬಂದಂತೆ.

ಪದ್ಮಜಾ ಬಣ್ಣವನ್ನು ಕಣ್ತುಂಬ ನೋಡಿದಳು. ಎಷ್ಟು ಚೆಂದ ಇರುತ್ತದೆ ಇದು! ಆಮೇಲೆ ಉಳವಪ್ಪನ ಬಿಳಿ ಬಿಳಿ ಬೆರಳು ನೋಡಿದಳು. ಬೀಕರಿನಲ್ಲಿ ಕಾಸ್ಟಿಕ್ ಸೋಡಾ ಇದ್ದಿದ್ದರೆ ಬಣ್ಣ ಆಗಲೇ ಬರಬೇಕಿತ್ತು. ಆಮ್ಲ ಇದ್ದಿದ್ದರೆ ಇಷ್ಟೇ ಇಷ್ಟು ಸುಣ್ಣಕ್ಕೆ ಬರುತ್ತಲೇ ಇರಲಿಲ್ಲ. ಹಾಗಾದರೆ...

ಸಾಹೇಬರ ಕಡೆ ತಿರುಗಿದಳು. ಹಿಂದಿನ ಬೆಂಚಿನವರೆಗೂ ಕೇಳುವಷ್ಟು ಗಟ್ಟಿಯಾಗಿ ದನಿ ಬಂತು.

"ಸರ್, ನಾ ಹಾಕಿದ್ದು ಬರೇ ನೀರು. ಬಣ್ಣ ಬಂದದ್ದು ನನ್ನಿಂದ ಅಲ್ರಿ, ಉಳವಪ್ಪನ ತಂಬಾಕದ ಸುಣ್ಣದಿಂದ."