ಅತ್ತಿಗೆಯ ವಿಯೆಟ್ನಾಂ ಸಂದರ್ಶನ

ನಮ್ಮ ಅತ್ತಿಗೆಗೆ ಮನುಷ್ಯರು ಕೂಗಿದರೆ ಕೇಳಿಸುವುದಿಲ್ಲ. ತೆಂಗಿನಕಾಯಿ ಪಿಸುಗುಟ್ಟಿದರೆ ಸಾಕು, ಎದ್ದು ಕೂರುತ್ತಾರೆ! ಅಣ್ಣ ಮೂರು ಸಲ ಕಾಫಿ ಕೇಳಿ, ಕೊನೆಗೆ ತಾನೇ ಮಾಡಿಕೊಂಡು ಕುಡಿಯುತ್ತಾನೆ. ಅದೇ ಅತ್ತಿಗೆ ಒಂದು ಕಾಯಿ ಕುಟ್ಟಿ, ಸದ್ದು ಕೇಳಿ, 'ಇದು ಒಳಗೆ ಕೊಳ್ತೋಗೈತೆ, ಬುಡು' ಎನ್ನುತ್ತಾರೆ. ಒಡೆದರೆ ಕೊಳೆತೇ ಇರುತ್ತದೆ. ತಿಪಟೂರಿನ ಹೊರಗೆ ವಿದೇಶಿ ಕಂಪನಿಯೊಂದರ ಕೊಬ್ಬರಿ ಪುಡಿ ಕಾರ್ಖಾನೆಯಿದೆ. ಹದಿನೆಂಟು ವರ್ಷದಿಂದ ಅಲ್ಲಿ ಕಾಯಿ ಆರಿಸುವವರು ಇವರೇ.

ಆ ಕಂಪನಿ ವಿಯೆಟ್ನಾಮಿನಲ್ಲಿ ಹೊಸ ಕಾರ್ಖಾನೆ ತೆರೆಯಿತು. ಅಲ್ಲಿನವರಿಗೆ ಕಾಯಿ ಆರಿಸುವುದನ್ನು ಕಲಿಸಲು ಆರು ತಿಂಗಳ ಮಟ್ಟಿಗೆ ಒಬ್ಬರು ಬೇಕಂತೆ. ಯಾರು ಹೋಗಬೇಕು, ನೀವೇ ಹೇಳಿ! ಅತ್ತಿಗೆ ಅರ್ಜಿ ಹಾಕಿದರು. ಸಂದರ್ಶನಕ್ಕೆ ಬೆಂಗಳೂರಿನಿಂದ ಇಬ್ಬರು ಸಾಹೇಬರು ಬಂದರು. ಕಾಯಿಯ ಬಗ್ಗೆ ಒಂದೇ ಒಂದು ಪ್ರಶ್ನೆಯಿಲ್ಲ!

'ಬೇರೆ ಸಂಸ್ಕೃತಿಗೆ ಹೊಂದ್ಕೊಳ್ತೀರಾ?'

'ತವರು ಕಂದಿಕೆರೆಯಿಂದ ಬಂದು ಇಪ್ಪತ್ತು ವರ್ಸ ಅತ್ತೆ ಜೊತೆ ಬಾಳಿದೀನಿ ಕಣ್ರೀ. ಇನ್ಯಾವ ಸಂಸ್ಕೃತಿ?'

'ಮನೆಯವರನ್ನ ಬಿಟ್ಟು ಇರೋಕಾಗುತ್ತಾ?'

'ನನಗಾಗ್ತದೆ. ಅವ್ರಿಗಾಗ್ತದಾ ಅಂತ ಅವ್ರನ್ನೇ ಕೇಳಿ!'

ಫಲಿತಾಂಶ: 'ಹೊಂದಾಣಿಕೆಯ ಗುಣ ಸಾಲದು.' ಆಯ್ಕೆಯಾದದ್ದು ಆಫೀಸಿನ ಒಬ್ಬ ಯುವ ಅಧಿಕಾರಿ. ಸೊಗಸಾದ ಇಂಗ್ಲಿಷು, ಅದಕ್ಕಿಂತ ಸೊಗಸಾದ ಟೈ. ಎಳನೀರಿನ ಮರ ಬೇರೆ, ಕೊಬ್ಬರಿಯ ಮರ ಬೇರೆ ಎಂದು ನಂಬಿದ್ದ ಮಹಾನುಭಾವ! ನನಗಂತೂ ಮೈಯೆಲ್ಲ ಉರಿದುಹೋಯಿತು. ಈಜು ಕಲಿಸಲು ಟವೆಲು ಚೆನ್ನಾಗಿರುವವನನ್ನು ಕಳಿಸುತ್ತಾರೆಯೇ?

ಮೂರನೇ ವಾರಕ್ಕೆ ಅವನಿಂದಲೇ ವಿಡಿಯೊ ಕರೆ. 'ಮೇಡಂ, ಈ ಕಾಯಿ ಸ್ವಲ್ಪ ಕೇಳಿ.' ಅಲ್ಲಿ ಟಕ್ ಟಕ್. ಇಲ್ಲಿ ಅತ್ತಿಗೆ ಫೋನಿಗೆ ಕಿವಿಯೊತ್ತಿ, 'ಎಳೇದು ಕಣಪ್ಪ, ವಾಪಸ್ ಹಾಕು.' ಅಂದಿನಿಂದ ದಿನಾ ಇದೇ! ವಿಮಾನ, ಹೋಟೆಲು, ಬಡ್ತಿ ಅವನಿಗೆ. ಪಾಠ ಮಾತ್ರ ಇವರದು.

'ಮೇಲಿನವರಿಗೆ ನಿಮ್ಮ ಹೆಸರಾದ್ರೂ ಹೇಳೋಕೆ ಅವನಿಗೆ ಹೇಳಿ ಅತ್ತಿಗೆ!' ಎಂದು ಕೂಗಾಡಿದೆ. ಕೇಳಿಸಲಿಲ್ಲ. ನಾನು ಮನುಷ್ಯ ತಾನೇ!

ಮೊನ್ನೆ ಕರೆ ಬಂದಾಗ ಪಕ್ಕದಲ್ಲೇ ಇದ್ದೆ. ಪರದೆಯ ಮೇಲೆ ಅಧಿಕಾರಿಯಿರಲಿಲ್ಲ. ಅಲ್ಲಿ ಕಾಯಿ ಆರಿಸುವ ಹೆಂಗಸು, ಅತ್ತಿಗೆಯದೇ ವಯಸ್ಸು. ಅವಳು ಒಂದು ಕಾಯಿ ಕುಟ್ಟಿದಳು. ಅತ್ತಿಗೆ ಬಾಯಿ ತೆರೆಯುವ ಮೊದಲೇ ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟಳು. ಇನ್ನೊಂದನ್ನು ಕುಟ್ಟಿ, ನಕ್ಕು, ಬುಟ್ಟಿಗೆ ಹಾಕಿದಳು. ಎರಡೂ ಸಲ ಸರಿಯಾಗಿಯೇ ಆರಿಸಿದ್ದಳು!

ಅತ್ತಿಗೆ ನನ್ನತ್ತ ತಿರುಗಿದರು. ಮೂಗು ಕೆಂಪಗಾಗಿತ್ತು. 'ಕಲ್ತುಬುಟ್ಲು ಕಣೋ,' ಎಂದರು. ಆಮೇಲೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು:

'ಅವಳ ಭಾಷೇಲಿ ಶಭಾಷ್ ಅನ್ನೋಕೆ ಏನಂತಾರೆ? ಬೇಗ ನೋಡಿ ಹೇಳೋ, ಫೋನ್ ಇಟ್ಬುಡ್ತಾಳೆ!'