ಸಿಗಾರ ಸಾಹೇಬರ ಕೋಟಿನ ಗುಂಡಿ

ಮನುಷ್ಯನ ಯೋಗ್ಯತೆಯನ್ನು ಅಳೆಯುವುದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ನಮ್ಮ ಮಾವನವರು ಮೆಣಸಿನಕಾಯಿಯ ತೊಟ್ಟು ಮುರಿದು, ಮೂಸಿ, ಅದನ್ನು ತಂದವನು ನಂಬಿಗಸ್ತನೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದರಂತೆ. ನಮ್ಮ ಅತ್ತೆಯವರು ಬಂದವರು ಚಪ್ಪಲಿ ಬಿಡುವ ರೀತಿಯನ್ನು ನೋಡುತ್ತಾರೆ. ನಾನು ಗುಂಡಿ ನೋಡುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು, ಪ್ರಾರ್ಥನೆ ತಪ್ಪಿದರೆ ದೇವರು ಕ್ಷಮಿಸುತ್ತಾನೆ ಎನ್ನುತ್ತಿದ್ದರು. ಗುಂಡಿಯ ದಾರ ಜೋತುಬಿದ್ದರೆ ಮಾತ್ರ ಅವರ ಮುಖದಲ್ಲಿ ಕ್ಷಮೆಯ ಗುರುತೂ ಇರುತ್ತಿರಲಿಲ್ಲ. ಅಲ್ಲಿಂದ ಹೊರಬಿದ್ದು, ಮದುವೆಯಾಗಿ ಕೊಲ್ಲಾಪುರದ ಕಡೆಯ ಗಡಹಿಂಗ್ಲಜಕ್ಕೆ ಬಂದು ಎಷ್ಟೋ ವರ್ಷಗಳಾದವು. ಇಂದಿಗೂ ಯಾರಾದರೂ ದೊಡ್ಡವರು ಎದುರಿಗೆ ಕುಳಿತು ತತ್ತ್ವ ಹೇಳುತ್ತಿದ್ದರೆ ನನ್ನ ಕಣ್ಣು ಅವರ ಕೋಟಿನ ಮೇಲೆ ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಈ ಒಂದೇ ವಿದ್ಯೆಯ ಬಲದಿಂದ ನಾನು ಒಂದು ಕಾಲಕ್ಕೆ ಇಂಗ್ಲೆಂಡಿನ ಮೊದಲ ದರ್ಜೆಯ ಫುಟ್‌ಬಾಲ್ ತಂಡಗಳ ಮ್ಯಾನೇಜರುಗಳಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂದು ತೀರ್ಪು ಕೊಟ್ಟವಳು ಎಂದರೆ ನೀವು ನಗುತ್ತೀರಿ. ನಗಿರಿ. ನಮ್ಮ ಮನೆಯಲ್ಲೂ ನಕ್ಕಿದ್ದರು.

ಎರಡನೆಯ ಮಹಾಯುದ್ಧದ ಲಡಾಯಿ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಗಡಹಿಂಗ್ಲಜದಲ್ಲಿ ಆಗ ಕಾಲಿದ್ದವರೆಲ್ಲ ಫುಟ್‌ಬಾಲ್ ಆಡುತ್ತಿದ್ದರು, ಕಾಲು ನೋಯುವವರು ಫುಟ್‌ಬಾಲ್ ಮಾತಾಡುತ್ತಿದ್ದರು. ನಮ್ಮ ಮನೆಯವರು ಎರಡನೆಯ ಪಂಗಡ. ಹಗಲೆಲ್ಲ ಪೇಟೆಯಲ್ಲಿ ಬೆಲ್ಲ-ಮೆಣಸಿನಕಾಯಿಯ ಅಡತಿ ಅಂಗಡಿ, ದಲ್ಲಾಳಿ ವ್ಯಾಪಾರ. ಸಂಜೆ ಊರ ತಂಡದ ಮ್ಯಾನೇಜರು. ತಂಡಕ್ಕೆ ಮ್ಯಾನೇಜರು ಯಾಕೆ ಬೇಕು ಎಂಬುದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ, ಆದರೆ ಇಂಗ್ಲೆಂಡಿನಲ್ಲಿ ಇದ್ದಾರೆಂದು ಗೊತ್ತಾದ ಮೇಲೆ ಇಲ್ಲಿಯೂ ಇರಬೇಕೆಂದಾಯಿತು. ಇಂಗ್ಲೆಂಡಿನ ಸಂಗತಿ ನಮಗೆ ಗೊತ್ತಾಗುತ್ತಿದ್ದದ್ದು ಮುಂಬಯಿಯ ಒಬ್ಬ ವ್ಯಾಪಾರಿಯಿಂದ. ನಮ್ಮ ಮೆಣಸಿನಕಾಯಿ ಕೊಳ್ಳುವ ಆ ಪುಣ್ಯಾತ್ಮ, ಯಾವನೋ ದೊರೆ ಓದಿ ಬಿಸಾಕಿದ ವಿಲಾಯತಿ ಆಟದ ಪತ್ರಿಕೆಗಳನ್ನು ಕಟ್ಟು ಕಟ್ಟಿ, ಮೇಲೆ 'ತಂಡದ ಮ್ಯಾನೇಜರಿಗೆ' ಎಂದು ಬರೆದು ಕಳಿಸುತ್ತಿದ್ದ. ಹಡಗು ಹತ್ತಿ, ಮುಂಬಯಿ ಸುತ್ತಿ, ನಮ್ಮ ಕಟ್ಟೆಗೆ ಬರುವಷ್ಟರಲ್ಲಿ ಅವು ತಿಂಗಳುಗಟ್ಟಲೆ ಹಳಸಿರುತ್ತಿದ್ದವು. ನಮ್ಮ ಮನೆಯವರ ಇಂಗ್ಲಿಷು ರೈಲ್ವೆ ಪಾರ್ಸಲಿನ ರಸೀದಿಯ ತನಕ ಓಡಿ ಅಲ್ಲಿ ನಿಂತುಬಿಡುತ್ತಿತ್ತು. ಆದ್ದರಿಂದ ಓದುವ ಕೆಲಸ ನನ್ನದು.

ಫುಟ್‌ಬಾಲಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಆ ಕಟ್ಟಿನ ಮೇಲೆ. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಔಷಧದ ಬಾಟಲಿಯ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು; ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲದ ತಿಂಗಳು ಅದಕ್ಕೂ ಗತಿಯಿಲ್ಲ. ಅಂಥದರಲ್ಲಿ ಈ ಕಟ್ಟು ಬಂದರೆ, ಗಂಡಸರಿಗೆ ಆಟದ ಪುಟ ಓದಿ ಹೇಳಿ, ಅವರು ಎದ್ದು ಹೋದ ಮೇಲೆ ಸಾಬೂನಿನ ಜಾಹೀರಾತು, ಮಳೆಯಂಗಿಯ ಜಾಹೀರಾತು, ಕಳೆದುಹೋದ ನಾಯಿಯ ಪ್ರಕಟಣೆ, ಎಲ್ಲವನ್ನೂ ನಾನು ಅಡುಗೆಮನೆಯಲ್ಲಿ ತುಟಿ ಅಲುಗಿಸುತ್ತ ಓದುತ್ತಿದ್ದೆ. ಆ ನಾಯಿಗಳಲ್ಲಿ ಕೆಲವು ಸಿಕ್ಕವೋ ಇಲ್ಲವೋ ಎಂಬ ಚಿಂತೆ ನನಗೆ ಇಂದಿಗೂ ಇದೆ.

ಚರ್ಚೆ ನಡೆಯುತ್ತಿದ್ದದ್ದು ಪಡಸಾಲೆಯಲ್ಲಿ, ಅಂಗಡಿ ಮುಚ್ಚಿದ ಮೇಲೆ. ಅದೇ ನನ್ನ ಸಂಕಟ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅಂಗಡಿ ಮುಚ್ಚುವುದಕ್ಕೂ ಸೂರ್ಯ ಮುಳುಗುವುದಕ್ಕೂ ನಡುವೆ ಇರುವ ಸ್ವಲ್ಪ ಹೊತ್ತಿನಲ್ಲಿ ಇಂಗ್ಲೆಂಡಿನ ಮ್ಯಾನೇಜರುಗಳ ತಾರತಮ್ಯ ನಿರ್ಣಯವಾಗಬೇಕು, ರೊಟ್ಟಿಯೂ ಹೊಟ್ಟೆಗೆ ಸೇರಬೇಕು. ಎಷ್ಟೋ ದಿನ ನಿರ್ಣಯವೂ ಆಗಲಿಲ್ಲ, ರೊಟ್ಟಿಯೂ ಸೇರಲಿಲ್ಲ. ಉಪವಾಸ ಮಲಗಿದ ಗಂಡಸರ ಪುಣ್ಯ ಆ ಸಾಹೇಬರುಗಳ ಲೆಕ್ಕಕ್ಕೆ ಜಮೆಯಾಯಿತೋ ಏನೋ.

ಸಾಹೇಬರ ನಿಜವಾದ ಹೆಸರುಗಳು ನಮ್ಮವರ ಬಾಯಲ್ಲಿ ತಿರುಗುತ್ತಿರಲಿಲ್ಲವಾಗಿ ನಾವೇ ನಾಮಕರಣ ಮಾಡಿದ್ದೆವು. ಲಂಡನ್ನಿನ ತಂಡದವರು ಸಿಗಾರ ಸಾಹೇಬರು. ಯಾವ ಫೋಟೋದಲ್ಲೂ ಬಾಯಲ್ಲಿ ಸಿಗಾರು. ಇವರು ಎಲ್ಲವನ್ನೂ ಹಲಗೆಯ ಮೇಲೆ ಬರೆದು ಮಾಡುವವರು. ಇವರ ತಂಡ ಏಳುವುದು, ಮಲಗುವುದು, ಉಣ್ಣುವುದು ಎಲ್ಲ ಒಟ್ಟಿಗೆ, ಮ್ಯಾನೇಜರು ಹೇಳಿದ ಹೊತ್ತಿಗೆ. ಇನ್ನೊಬ್ಬರು ಅಲ್ಲಿಯ ಉತ್ತರದ ಕಡೆ, ನಮ್ಮ ಇಚಲಕರಂಜಿಯಂತೆ ಮಗ್ಗದ ಸದ್ದಿನ ಯಾವುದೋ ಊರಿನವರು, ಗಿರಣಿ ಸಾಹೇಬರು. ಸ್ವೆಟರು ತೊಟ್ಟು ಆಟಗಾರರ ಜೊತೆ ತಾವೂ ಓಡುತ್ತಿದ್ದರಂತೆ. ಮೂರನೆಯವರು ಬಂದರಿನ ಊರಿನವರು. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತರೆ ಆಟ ಮುಗಿಯುವ ತನಕ ಒಂದು ಮಾತಿಲ್ಲ. ಇವರು ಮೌನಿ ಸಾಹೇಬರು. ಅತ್ತೆಯವರಿಗೆ ಫುಟ್‌ಬಾಲಿನ ಚೆಂಡು ಗುಂಡಗಿದೆ ಎಂಬುದರಾಚೆ ಏನೂ ಗೊತ್ತಿರಲಿಲ್ಲವಾದರೂ ಹೆಸರು ಕೇಳಿದ್ದೇ ಕೈಮುಗಿದು ಮೌನಿ ಸಾಹೇಬರ ಪಕ್ಷ ಸೇರಿದರು.

ನಮ್ಮ ಮನೆಯವರದು ಸಿಗಾರ ಸಾಹೇಬರ ಪಕ್ಷ. ಗಿರಣಿ ಸಾಹೇಬರ ಪಕ್ಷ ಹಿಡಿದವರು ನೇಮಣ್ಣ, ನಮ್ಮವರ ದೊಡ್ಡಪ್ಪನ ಮಗ. ಹೊಳೆಯ ಕಡೆ ಬೇರೆ ಮನೆ, ಬೇರೆ ಅಂಗಡಿ, ಕೈಯಲ್ಲಿ ಸದಾ ಅಡಕೊತ್ತು. ಓಡುವ ಮ್ಯಾನೇಜರೇ ಮೇಲೆಂದು ವಾದಿಸುವ ನೇಮಣ್ಣನವರು ತಾವು ಮನೆಯಿಂದ ಅಂಗಡಿಗೆ ಟಾಂಗಾದಲ್ಲಿ ಹೋಗುತ್ತಿದ್ದರು. ನಮ್ಮವರು, ಓಡುವುದೇ ಯೋಗ್ಯತೆಯಾದರೆ ಟಾಂಗಾದ ಕುದುರೆಯನ್ನೇ ಮ್ಯಾನೇಜರು ಮಾಡಬೇಕು ಎನ್ನುತ್ತಿದ್ದರು. ನೇಮಣ್ಣನವರು, ಕುದುರೆ ಸಿಗಾರು ಸೇದುವುದಿಲ್ಲ, ಅಷ್ಟಾದರೂ ವಾಸಿ ಎನ್ನುತ್ತಿದ್ದರು. ಹೀಗೆ ಸೂರ್ಯ ಇಳಿಯುತ್ತಿದ್ದ.

ಒಂದು ಸಂಜೆ ನೇಮಣ್ಣನವರು ಅತ್ತಿಗೆಯಾದ ನನ್ನನ್ನೇ ಕೇಳಿದರು. "ವೈನಿ, ಓದಾಕಿ ನೀವು. ಸದ್ಯಕ್ಕ ಯಾರು ಮ್ಯಾಲ, ಹೇಳಿಬಿಡ್ರಿ."

ನಾನು ಪತ್ರಿಕೆಯಲ್ಲಿದ್ದ ಸಿಗಾರ ಸಾಹೇಬರ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದಿನ ಕಟ್ಟಿನ ಫೋಟೋದಲ್ಲಿ ಕೋಟಿನ ನಡುವಿನ ಗುಂಡಿ ಜೋತುಬಿದ್ದಿತ್ತು. ಇದರಲ್ಲಿ ಗುಂಡಿಯೇ ಇರಲಿಲ್ಲ.

"ಇವರದು ಭಾಳ ದಿನಾ ನಡಿಯೂದಿಲ್ಲ ಅನಸ್ತದ್ರಿ," ಎಂದೆ. "ಗುಂಡಿ ಹೋಗೇತಿ. ಹನ್ನೊಂದು ಮಂದಿ ಊಟಾ-ನಿದ್ದಿ ನೋಡಾವರು ತಮ್ಮ ಕೋಟ ನೋಡಿಕೊಂಡಿಲ್ಲ."

ನೇಮಣ್ಣನವರ ಕೈಯಲ್ಲಿದ್ದ ಅಡಿಕೆ ಚೂರು ನೆಲಕ್ಕೆ ಬಿತ್ತು, ಅಷ್ಟು ನಕ್ಕರು. ನಮ್ಮ ಮನೆಯವರೂ ನಕ್ಕರು, ಆದರೆ ನಗುವಾಗ ತಮ್ಮ ಕೋಟಿನ ಮುಂಭಾಗವನ್ನು ಒಮ್ಮೆ ಕೈಯಿಂದ ಸವರಿಕೊಂಡದ್ದನ್ನು ನಾನು ನೋಡಿದೆ.

ಆ ವರ್ಷ ಕೊಲ್ಲಾಪುರದ ಒಂದು ತಾಲೀಮಿನ, ಅಂದರೆ ಗರಡಿಮನೆಯ, ತಂಡದ ಜೊತೆ ಆಟ ಗೊತ್ತಾಗಿತ್ತು. ಅವರೆದುರು ಹಿಂದೆ ಹೋದಾಗಲೆಲ್ಲ ನಾವು ಸೋತೇ ಬಂದಿದ್ದೆವು. ತಂಡದ ಹಿರಿಯರು ನಮ್ಮ ಪಡಸಾಲೆಯಲ್ಲೇ ಕುಳಿತು, ನಮ್ಮ ಚಹಾವನ್ನೇ ಕುಡಿದು, ಈ ಸಲವೂ ಸೋತರೆ ಮ್ಯಾನೇಜರಿಕೆ ನೇಮಣ್ಣನಿಗೆ ಎಂದು ಠರಾಯಿಸಿದರು. ನಮ್ಮ ಮನೆಯವರ ಮುಖ ಸಪ್ಪಗಾಯಿತು. ಬಾಗಿಲ ಮರೆಯಲ್ಲಿದ್ದ ನನ್ನ ಮುಖ ಇನ್ನೂ ಸಪ್ಪಗಾಯಿತು. ಕಟ್ಟು ಬರುವುದು 'ಮ್ಯಾನೇಜರಿಗೆ'. ಅಲ್ಲದೆ ನೇಮಣ್ಣನವರು ಏಳುವಾಗ, ತಮ್ಮ ಅಂಗಡಿಯ ಕಾರಕೂನನಿಗೆ ಇಂಗ್ಲಿಷು ಬರುತ್ತದೆ, ಇನ್ನು ವೈನಿಗೆ ತ್ರಾಸಿಲ್ಲ ಎಂದು ಬೇರೆ ಹೇಳಿದರು. ನನಗೆ ತ್ರಾಸಿದೆ ಎಂದು ಅವರಿಗೆ ಯಾರು ಹೇಳಿದ್ದರೋ. ಅಂದಿನಿಂದ ನಾನು ಬಸದಿಯಲ್ಲಿ ಕಣ್ಣು ಮುಚ್ಚಿದರೆ ಗಡಹಿಂಗ್ಲಜದ ಗೆಲುವೇ ಬೇಡಿಕೆ. ಕೇಳಬಾರದ ಜಾಗದಲ್ಲಿ ಕೇಳಬಾರದ್ದನ್ನು ಕೇಳಿದೆ, ಅದು ಬೇರೆ ಮಾತು.

ಆಟದ ದಿನ ಸರ್ವಿಸ್ ಮೋಟಾರಿನಲ್ಲಿ ತಂಡ ಹೋಯಿತು. ಕೊಲ್ಲಾಪುರದ ಬಸದಿಯ ದರ್ಶನದ ನೆಪ ಮಾಡಿಕೊಂಡು ಅತ್ತೆಯವರೂ ನಾನೂ ಬಾಡಿಗೆಯ ಮೋಟಾರಿನಲ್ಲಿ ಹಿಂದೆ ಹೋದೆವು. ಜೊತೆಗೆ ಬುತ್ತಿ. ಸಿಗಾರ ಸಾಹೇಬರ ಪದ್ಧತಿಯಂತೆ ತಂಡ ಒಟ್ಟಿಗೆ ಉಣ್ಣಬೇಕು, ಅದೂ ಮನೆಯ ಊಟ ಎಂದು ನಮ್ಮವರ ಅಪ್ಪಣೆ. ಆಟ ಮುಗಿದ ಮೇಲೂ ಸೂರ್ಯ ಇರುತ್ತಾನೆ, ಆಗ ಎಲ್ಲರೂ ಕುಳಿತು ಉಂಡು ಮೋಟಾರು ಹತ್ತುವುದು ಎಂಬ ಏರ್ಪಾಡು. ಮಡಕಿ ಕಾಳಿನ ಉಸುಳಿ, ಚಪಾತಿ, ಮೊಸರನ್ನ, ಶೇಂಗಾ ಹೋಳಿಗೆ, ಮೇಲೆ ತುಪ್ಪ.

ಸೂರ್ಯ ತನ್ನ ಹೊತ್ತಿಗೆ ಸರಿಯಾಗಿ ನಡೆದ. ಆಟ ನಡೆಯಲಿಲ್ಲ. ಮುಖ್ಯ ಪಾವಣ್ಯಾರು, ಆಟಕ್ಕೆ ಕರೆದ ಅತಿಥಿಗಳು, ಬರುವುದು ತಡವಾಯಿತು. ಬಂದ ಮೇಲೆ ಹಾರ, ಹಾರದ ಮೇಲೆ ಭಾಷಣ. ಕೊನೆಗೂ ಆಟ ಶುರುವಾದಾಗ ಮೈದಾನದ ಮೇಲೆ ಮರಗಳ ನೆರಳು ಉದ್ದವಾಗಿತ್ತು. ಆದರೆ ನಮ್ಮವರು ಏನು ಆಡಿದರು ಎನ್ನುತ್ತೀರಿ. ಮೋಟಾರಿನ ಪರದೆಯ ಸಂದಿಯಿಂದ ನೋಡುತ್ತಿದ್ದ ನನಗೇ ಎದೆ ಹಾರುವಂತೆ ಆಡಿ, ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ಕೊಲ್ಲಾಪುರದ ಪ್ರೇಕ್ಷಕರು ಗಪ್ಪಾದರು. ಕಟ್ಟು ನಮ್ಮ ಮನೆಗೇ ಬರುತ್ತದೆ ಎಂದು ನಾನು ಸಮಾಧಾನದಿಂದ ಒರಗಿ ಕುಳಿತೆ.

ಅರ್ಧ ಆಟಕ್ಕೆ ಸೀಟಿ ಊದಿದಾಗ ಅತ್ತೆಯವರು ಪಡುವಣ ದಿಕ್ಕಿಗೆ ನೋಡಿದರು. ನಮ್ಮ ಗೋಲ್‌ಕೀಪರು, ಎರಡೂ ಬ್ಯಾಕುಗಳು ನಮ್ಮವರ ಪೈಕಿಯೇ, ಜೈನರ ಹುಡುಗರು. ಉಳಿದವರು ಲಿಂಗಾಯತರು, ಮರಾಠರು, ಒಬ್ಬ ಮುಸಲ್ಮಾನ. ಅವರಿಗೆ ಯಾವಾಗ ಉಂಡರೂ ನಡೆಯುತ್ತದೆ. ಅತ್ತೆಯವರು ನಮ್ಮ ಮನೆಯವರನ್ನು ಕರೆಸಿದರು.

"ಹೊತ್ತು ಮುಳಗಾಕತ್ತೇತಿ. ಆಟಾ ಮುಗಿಯೂತನಕಾ ಆ ಮೂರು ಹುಡುಗರು ಉಪಾಸ ಸಾಯಬೇಕೇನು? ಈಗ ಉಣಸು."

ನಮ್ಮ ಮನೆಯವರು ಸೂರ್ಯನನ್ನು ನೋಡಿದರು, ತಾಯಿಯನ್ನು ನೋಡಿದರು. ಆ ಕ್ಷಣದಲ್ಲಿ ಅವರೊಳಗೆ ಸಿಗಾರ ಸಾಹೇಬರು ಎದ್ದು ನಿಂತದ್ದು ನನಗೆ ಕಾಣಿಸಿತು. "ಮೂರು ಮಂದಿ ಅಷ್ಟ ಉಂಡ್ರ ಟೀಮ ಒಡದಂಗ ಆಗತೈತಿ," ಎಂದರು. "ಉಂಡ್ರ ಹನ್ನೊಂದೂ ಮಂದಿ ಕೂಡಿ ಉಣಬೇಕು."

ಹನ್ನೊಂದೂ ಮಂದಿ ಮೋಟಾರಿನ ಪಕ್ಕದಲ್ಲಿ ಪತ್ರಾವಳಿ ಹಿಡಿದು ಸಾಲಾಗಿ ಕುಳಿತರು. ಓಡಿ ಬಂದ ಹಸಿವು. ನಾನು ಬಡಿಸುತ್ತ ಹೋದೆ. ಒಂದೇ ಹೋಳಿಗೆ ಬಡಿಸಿ ಕೈ ಹಿಂದೆಗೆಯುವುದು ನಮ್ಮ ಕಡೆ ಉಣ್ಣುವವರಿಗೆ ಮಾಡುವ ಅಪಮಾನ, ಎರಡನೆಯದನ್ನು ಹಾಕಿದೆ. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಕೈಯ ಸಂದಿಯಿಂದ ಜಾರಿಸಿದೆ. ನಮ್ಮ ಗೋಲ್‌ಕೀಪರು ಕೈ ಅಡ್ಡ ಹಿಡಿಯಲೇ ಇಲ್ಲ. ಅವನು ಮೊಸರನ್ನ ಕಲಸುವಾಗ ಸೀಟಿ ಊದಿದರು.

ಎರಡನೆಯ ಅರ್ಧವನ್ನು ವರ್ಣಿಸುವುದು ನನ್ನಿಂದಾಗದು. ನಮ್ಮ ಬ್ಯಾಕುಗಳು ಬೀಗರ ಮನೆಯ ಊಟ ಮುಗಿಸಿ ಅಂಗಳದಲ್ಲಿ ಅಡ್ಡಾಡುವವರಂತೆ ಅಡ್ಡಾಡಿದರು. ಚೆಂಡು ಹತ್ತಿರ ಬಂದರೆ ಅದಕ್ಕೆ ದಾರಿ ಬಿಟ್ಟರು. ಒಬ್ಬ ಪಕ್ಕೆ ಹಿಡಿದುಕೊಂಡು ಕುಳಿತ. ಗೋಲ್‌ಕೀಪರು ಕಂಬಕ್ಕೆ ಒರಗಿದ. ಕೊಲ್ಲಾಪುರದವರ ಎರಡನೆಯ ಗೋಲಿನ ಹೊತ್ತಿಗೆ ಅವನು ಆಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಮನೆಯವರು ಗೆರೆಯಂಚಿನಲ್ಲಿ ನಿಂತು ಏನೋ ಕೂಗುತ್ತಿದ್ದರು. ಗಪ್ಪಾಗಿದ್ದ ಪ್ರೇಕ್ಷಕರಿಗೆ ಗಂಟಲು ಬಂತು. ಕೊಲ್ಲಾಪುರದವರಿಗೆ ಚೇಷ್ಟೆ ಕಲಿಸಬೇಕಾಗಿಲ್ಲ. ಮೂರನೆಯ ಗೋಲಾದ ಮೇಲೆ ಒಬ್ಬ, "ಅಹೋ, ಆತಾ ತ್ಯಾಂನಾ ವಿಡಾ ದ್ಯಾ," ಎಂದ. ಊಟವಾಯಿತಲ್ಲ, ಇನ್ನು ಅವರಿಗೆ ಎಲೆ-ಅಡಿಕೆ ಕೊಡಿ ಎಂದು. ಇಡೀ ಮೈದಾನ ನಕ್ಕಿತು. ಅತ್ತೆಯವರು ಮರಾಠಿ ಬಲ್ಲವರು; ನಮ್ಮ ಚಂಚಿಯಲ್ಲಿ ಎಲೆ ಇವೆಯೇ ಎಂದು ನನ್ನನ್ನು ಕೇಳಿದರು.

ಮ್ಯಾನೇಜರಿಕೆ ನೇಮಣ್ಣನವರಿಗೆ ಹೋಯಿತು. ನಮ್ಮ ಮನೆಯವರು ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಉಂಡು, ಗೋಡೆಯ ಕಡೆ ನೋಡುತ್ತ ಕುಳಿತರು. ಯಾವ ಸುಖಕ್ಕಾಗಿ ನಾನು ವರ್ಷಗಟ್ಟಲೆ ಗೊಣಗಿದ್ದೆನೋ ಅದು ಸಿಕ್ಕಿತು, ಮತ್ತು ಒಂದು ವಾರದಲ್ಲಿ ಸಾಕಾಯಿತು. ಕಟ್ಟು ಹೊಳೆಯ ಕಡೆಯ ಮನೆಗೆ ಬಂದಿತೆಂದು ತಿಳಿಯಿತು. ಅಂದು ನಾನು ಕೆಮ್ಮಿನ ಔಷಧದ ಬಾಟಲಿಯನ್ನು ಕೆಳಗಿಳಿಸಿ, ಎರಡೂ ಕಡೆ ಓದಿ, ಮತ್ತೆ ಮೇಲಿಟ್ಟೆ.

ಕೆಲವು ದಿನ ಬಿಟ್ಟು ಒಂದು ಸಂಜೆ ನೇಮಣ್ಣನವರು ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅವರ ಕಾರಕೂನ ಆಟದ ಸುದ್ದಿಯನ್ನು ಬೆಲ್ಲದ ಧಾರಣೆ ಓದಿದ ಹಾಗೆ ಓದುತ್ತಾನಂತೆ. ಯಾರು ಗೆದ್ದರು ಎಂದು ಕೇಳಿದರೆ, ಅದನ್ನು ಬರೆದಿಲ್ಲ ಎನ್ನುತ್ತಾನಂತೆ. "ನೀವ ಓದ್ರಿ ವೈನಿ. ಮ್ಯಾನೇಜರ ಯಾರರೇ ಇರವಲ್ಲರ್ಯಾಕ," ಎಂದು ಕಟ್ಟನ್ನು ನನ್ನ ಮುಂದಿಟ್ಟರು. ನಾನು ಗಂಭೀರವಾಗಿ, ಬೇರೆ ಕೆಲಸವಿದ್ದವಳಂತೆ, ಸ್ವಲ್ಪ ತಡೆದು ಬಿಚ್ಚಿದೆ.

ಮೊದಲ ಪುಟದಲ್ಲೇ ಇತ್ತು. ಸಿಗಾರ ಸಾಹೇಬರನ್ನು ತೆಗೆದುಹಾಕಿದ್ದರು. ಪತ್ರಿಕೆ ಯಾವಾಗಿನದೆಂದು ನೋಡಿದರೆ, ನಾವು ಕೊಲ್ಲಾಪುರಕ್ಕೆ ಹೋಗುವುದಕ್ಕೆ ಎಷ್ಟೋ ಮೊದಲಿನದು. 'ಸದ್ಯಕ್ಕೆ ಯಾರು ಮೇಲು' ಎಂದು ನಾವು ಉಪವಾಸ ಬಿದ್ದು ವಾದಿಸುತ್ತಿದ್ದಾಗ ಆ ಮಹಾನುಭಾವರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದರು. ನಮ್ಮ ಹನ್ನೊಂದು ಮಂದಿ ಹೋಳಿಗೆ ಉಂಡದ್ದು ಕೆಲಸ ಕಳೆದುಕೊಂಡ ಮನುಷ್ಯನ ಅಪ್ಪಣೆಯ ಮೇಲೆ.

ನಮ್ಮ ಮನೆಯವರು ಗೋಡೆಯಿಂದ ಈ ಕಡೆ ತಿರುಗಿದರು. "ಅವರನ್ನೂ ತಗದ್ರ?" ಎಂದರು. ಎಷ್ಟೋ ದಿನದ ಮೇಲೆ ಮುಖದಲ್ಲಿ ರಕ್ತ ಆಡಿತು. ಲಂಡನ್ನಿನವರನ್ನೂ ತಮ್ಮನ್ನೂ ಒಂದೇ ಸಾಲಿನಲ್ಲಿ ಕೂರಿಸಿಕೊಂಡು ಅಂದು ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡರು. ನೇಮಣ್ಣನವರು ಮಾತ್ರ ಅಡಕೊತ್ತು ಮುಚ್ಚಿ, ಗಿರಣಿ ಸಾಹೇಬರದೇನಾದರೂ ಸುದ್ದಿ ಇದೆಯೇ ಎಂದು ಮೆಲ್ಲಗೆ ಕೇಳಿದರು. ಹಾಗೆಯೇ, ಮುಂದಿನ ಆಟಕ್ಕೂ ಹೋಳಿಗೆ ಇದ್ದರೆ ಮಾತ್ರ ಬರುತ್ತೇನೆಂದು ಗೋಲ್‌ಕೀಪರು ಹೇಳಿ ಕಳಿಸಿದ್ದಾನೆ ಎಂದೂ ತಿಳಿಸಿದರು.

ಅತ್ತೆಯವರು ಜಪದ ಮಣಿ ಕೆಳಗಿಡದೆಯೇ ಹೇಳಿದರು. "ಆಟಾ ಸೋಲಿಸಿದ್ದು ಇಕಿ ಎರಡನೇ ಹೋಳಿಗಿ. ತಗದದ್ದು ನನ್ನ ಮಗನ್ನ."

ಮಾತು ನಿಜ. ಇಂಗ್ಲೆಂಡಿನಲ್ಲಾಗಿದ್ದರೆ ನನ್ನನ್ನು ಆ ಸಂಜೆಯೇ ತೆಗೆದುಹಾಕುತ್ತಿದ್ದರು. ಇಲ್ಲಿ ಆ ಪದ್ಧತಿಯಿಲ್ಲ. ನನ್ನ ಜಾಗಕ್ಕೆ ಬರುತ್ತೇನೆಂದು ಯಾವ ನೇಮಣ್ಣನೂ ಕಾಯುತ್ತಿಲ್ಲ. ಆದರೂ ಗುಂಡಿಯ ವಿಷಯದಲ್ಲಿ ನನ್ನ ಮಾತೇ ಗೆದ್ದಿತಲ್ಲ. ಅದನ್ನು ಎಲ್ಲರಿಗೂ ಒಮ್ಮೆ ಜ್ಞಾಪಿಸೋಣವೆಂದು, ಸಾಹೇಬರ ಫೋಟೋವನ್ನು ಎತ್ತಿ ಹಿಡಿಯಲು ಕೈ ಮೇಲೆತ್ತಿದೆ. ಕುಪ್ಪಸದಲ್ಲಿ ಏನೋ ಚುಚ್ಚಿತು. ಕಟ್ಟಿಗಾಗಿ ಕಾಯುತ್ತ ಕುಳಿತ ಆ ದಿನಗಳಲ್ಲಿ ಕಿತ್ತುಹೋದ ಹುಕ್ಕಿನ ಜಾಗಕ್ಕೆ, ನಾಳೆ ಹೊಲಿದರಾಯಿತೆಂದು ಸಿಕ್ಕಿಸಿದ್ದ ಪಿನ್ನು. ಸೆರಗು ಎಳೆದುಕೊಂಡು, ಫೋಟೋವನ್ನು ಮೆಲ್ಲಗೆ ಕೆಳಗಿಟ್ಟು, ಗಿರಣಿ ಸಾಹೇಬರ ಸುದ್ದಿ ಎಲ್ಲಿದೆಯೆಂದು ಪುಟ ತಿರುವಿದೆ.